ನಾಳೆಯ ಧೂಳನ್ನು ಇವತ್ತೇ ಹೇಳಿಸಿದ ಶರಣಕ್ಕ

ಇಲ್ಲ... ನಂಬಲು ಆಗುತ್ತಿಲ್ಲ.
ಸೋಮವಾರ ಫೋನಿನಲ್ಲಿ ನನ್ನನ್ನು ಬೈದವರು ಇವತ್ತು ಇಲ್ಲ ಅಂದರೆ?
ಮಧ್ಯಾಹ್ನ ಚಿತ್ತವಾಡ್ಗಿಯಿಂದ ಅವರ ತಮ್ಮ ಫೋನ್ ಮಾಡಿದರು.
ಹಾರ್ಟ್ ಅಟ್ಯಾಕ್ ಅಂತೆ...

ಗೆಳೆಯರೇ, ನಿಮ್ಮಲ್ಲಿ ಹಲವರಿಗೆ ಶರಣಕ್ಕ ಗೊತ್ತಿಲ್ಲ.
ಗಣಿಯ ಅಬ್ಬರದ ಕಾಲದಲ್ಲಿ ಗಾಳಿಯ ಧೂಳು ಅಳೆಯುವ ಹೊಸಪೇಟೆಯ ನಮ್ಮ ಪುಟ್ಟ ಲ್ಯಾಬಿಗೆ ಅವರೇ ಸೀನಿಯರ್.
ಲಾರಿಗಳ ಕೆಂಪು ಧೂಳು ನಾಳೆ ಯಾವ ಊರಿನ ಮೇಲೆ ಬೀಳುತ್ತದೆ ಎಂದು ಹೇಳುವ ಒಂದು ಪೈಥಾನ್ ಪ್ರೋಗ್ರಾಂ ನಮ್ಮಲ್ಲಿತ್ತು.
ಬರೆದವನು ಕೆಲಸ ಬಿಟ್ಟು ಹೋಗಿದ್ದ. ಅದು ನನ್ನ ಕೊರಳಿಗೆ ಬಿತ್ತು.
ಇವತ್ತು ಬೆಳಿಗ್ಗೆ ಶುರು ಮಾಡಿದರೆ ಉತ್ತರ ಬರುವುದು ನಾಳೆ ಸಂಜೆ...
ಅಷ್ಟರಲ್ಲಿ ಧೂಳು ಬಿದ್ದು, ಮಕ್ಕಳು ಕೆಮ್ಮಿ ಆಗಿರುತ್ತಿತ್ತು.
ಲಾರಿ ರಸ್ತೆಯ ಊರು ಯಶವಂತನಗರದ ಅಂಗನವಾಡಿ ಟೀಚರ್ ಕೇಳುತ್ತಿದ್ದದ್ದು ಒಂದೇ ಮಾತು.
"ಹಿಂದಿನ ದಿನಾನ ಹೇಳ್ರಿ ಸರ್, ಮಕ್ಕಳನ್ನ ಒಳಗ ಕುಂದ್ರಸ್ತೀನಿ."

ಎರಡು ವಾರ ಸೂತ್ರಗಳನ್ನು ತಿದ್ದುತ್ತಾ ಕೂತೆ. ಏನೂ ಫಾಸ್ಟ್ ಆಗಲಿಲ್ಲ.
"ಎಲ್ಲಿ ತಡ ಆಗ್ತದ ಅಂತ ಅಳದಿ ಏನಲೇ?" ಅಂದರು ಶರಣಕ್ಕ.
ಅಳೆದರೆ... ನಕ್ಷೆಯ ಒಂದೊಂದು ಚೌಕಕ್ಕೂ ಗಾಳಿಯ ಅದೇ ಫೈಲನ್ನು ಮತ್ತೆ ಮತ್ತೆ ತೆರೆದು ಓದುತ್ತಿತ್ತು ಪುಣ್ಯಾತ್ಮ!
ಒಂದೇ ಸಲ ಓದಿಸಿ ಮೆಮೊರಿಯಲ್ಲಿ ಇಟ್ಟೆವು. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ರೆಡಿ.

ಆ ಹುಮ್ಮಸ್ಸಿನಲ್ಲೇ ಒಂದು ಎಡವಟ್ಟು ಮಾಡಿದೆ.
'ಯಶವಂತನಗರದ ಮೀಟರಿನ ಹನ್ನೊಂದರಿಂದ ಹನ್ನೆರಡರ ಅಳತೆ ಬಿಟ್ಟುಬಿಡು' ಎನ್ನುವ ಒಂದು ಸಾಲಿತ್ತು. ಕಸ ಎಂದು ಅಳಿಸಿದೆ.
ಹಳೆಯ ಉತ್ತರದ ಪಕ್ಕ ಹೊಸದನ್ನು ಇಟ್ಟು ನೋಡದೆ ಶರಣಕ್ಕ ಏನನ್ನೂ ಕಳಿಸಲು ಬಿಡುತ್ತಿರಲಿಲ್ಲ.
ಹೊಸದರಲ್ಲಿ ಯಶವಂತನಗರದ ಧೂಳು ಎದ್ದು ಕಾಣುವಷ್ಟು ಇಳಿದಿತ್ತು.
ಬೈಯಲಿಲ್ಲ. ಮರುದಿನ ನನ್ನನ್ನು ಬಸ್ ಹತ್ತಿಸಿ ಅಲ್ಲಿಗೇ ಕರೆದೊಯ್ದರು.
ಹನ್ನೊಂದಕ್ಕೆ ಸರಿಯಾಗಿ ಗಣಿಯವರ ನೀರಿನ ಟ್ಯಾಂಕರ್ ಬಂತು. ನಮ್ಮ ಧೂಳಿನ ಮೀಟರ್ ಮುಂದಿನ ಹತ್ತು ಮಾರು ರಸ್ತೆಗೆ ನೀರು ಹೊಡೆದು ಹೋಯಿತು. ಉಳಿದ ಊರೆಲ್ಲ ಕೆಂಪಗೇ ಇತ್ತು.
"ನೋಡಲೇ, ಮೀಟರ್ ಮುಂದ ಅಷ್ಟ ಮಳಿ! ಕೋಡ್ ಬರದಾಂವ ಇಲ್ಲಿ ಬಂದು ನಿಂತಿದ್ದ. ನೀ ನಿಂತಿದ್ದಿಲ್ಲ."

ಅಕ್ಕಾ...
ಅವತ್ತು ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.
ಆ ಉತ್ತರ ಹೋಗಿದ್ದರೆ ಟೀಚರ್ ಮಕ್ಕಳನ್ನು ಅಂಗಳದಲ್ಲೇ ಬಿಡುತ್ತಿದ್ದರು.
ನೀವು ಆ ಸಾಲನ್ನು ವಾಪಸ್ ಹಾಕಿಸಿ ಅದರ ಮೇಲೆ ಟೈಪ್ ಮಾಡಿದಿರಿ: "ಅಳಿಸೂಕಿಂತ ಮೊದ್ಲ ಬಸ್ ಹತ್ತು."
ಮರುದಿನದ ಧೂಳಿನ ಸುದ್ದಿ ಮೊದಲ ಸಲ ಹಿಂದಿನ ದಿನವೇ ಹೋಯಿತು. ಖುಷಿಗೆ ಟೀಚರ್ ಕಳಿಸಿದ ಮಂಡಕ್ಕಿ ಒಗ್ಗರಣೆ-ಮಿರ್ಚಿಯಲ್ಲಿ ಮಿರ್ಚಿ ಎಲ್ಲಾ ನೀವೇ ತಿಂದಿರಿ. ಮರೆತಿಲ್ಲ ನಾನು :)

ಈಗ ಆ ಪ್ರೋಗ್ರಾಂ ಪಲ್ಲವಿ ಎಂಬ ಹೊಸ ಹುಡುಗಿಯ ಕೈಯಲ್ಲಿದೆ.
ಮಧ್ಯಾಹ್ನದ ಸುದ್ದಿ ಅವಳಿಗೂ ತಿಳಿಯಿತು. ಬಂದು ಕೇಳಿದಳು.
"ಸರ್, ಇವತ್ತು ಧೂಳಿನ ಸುದ್ದಿ ಕಳಿಸೂದು ಬ್ಯಾಡೇನ್ರಿ?"
"ಕಳಿಸಮ್ಮಾ... ನಾಳೆನೂ ಮಕ್ಕಳು ಬರ್ತಾರ."
ಹೋದವಳು ಮತ್ತೆ ತಿರುಗಿ ನಿಂತಳು.
"ಅದ್ರಾಗ ಇನ್ನೊಂದು ಹಳೇ ಸಾಲು ಯಾಕದ ಅಂತ ತಿಳೀವಲ್ದ್ರಿ ಸರ್. ಅಳಿಸಿಲ್ಲ... ನಾಳೆ ಬಸ್ಸಿಗೆ ಹೋಗಿ ನೋಡಿ ಬರ್ತೀನಿ."

ಆಗ ಅತ್ತುಬಿಟ್ಟೆ ಅಕ್ಕಾ. ದುಃಖಕ್ಕಷ್ಟೇ ಅಲ್ಲ.

ಹೋಗಿ ಬರ್ರಿ ಶರಣಕ್ಕ...
ಧೂಳಿಲ್ಲದ ಗಾಳಿಯಲ್ಲಿ ನಿಮ್ಮ ಜೀವ ತಣ್ಣಗಿರಲಿ.
🙏