ಫೋನಿನ ಬೆನ್ನ ಮೇಲಿನ ಹೆಸರು

ನನಗೆ ಕನ್ನಡ ಬರುವುದಿಲ್ಲ ಎಂದು ಐದು ಜನರ ಎದುರು ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಮಾದಕ್ಕನಿಗೆ ಸಿಗಬೇಕಾದ ಕೆಲಸ ತಪ್ಪಿತು. ತಪ್ಪಿದ್ದು ಬೇರೆಲ್ಲಿಗೂ ಹೋಗಲಿಲ್ಲ — ನನಗೇ ಬಂತು. ಎರಡು ವರ್ಷದಿಂದ ಆ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ.

ನಮ್ಮ ಮನೆ ಧರ್ಮಪುರಿ ಕಡೆ, ಮೊರಪ್ಪೂರಿನ ಹತ್ತಿರ. ತಾತ ಕುರಿ ಸಾಕಿದವರು. ಅವ್ವ ಈಗಲೂ ಒಲೆ ಮುಂದೆ, ಕೊಟ್ಟಿಗೆಯಲ್ಲಿ, ಬೈಯುವಾಗ, ಅಳುವಾಗ ಕನ್ನಡವನ್ನೇ ಆಡುತ್ತಾಳೆ. ನಾನು ಓದಿದ್ದು ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಮೈಸೂರಿನಲ್ಲಿ ಎಂ.ಎ. ಮಾಡುವಾಗ, ಹಾಸ್ಟೆಲಿನ ಗೆಳತಿಯೊಬ್ಬಳಿಂದ. ನಾನು ಕೆಲಸ ಮಾಡುವ ಧರ್ಮಪುರಿಯ ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅವ್ವನ ಫೋನ್ ಬಂದರೆ ಎದ್ದು ಮೆಟ್ಟಿಲ ಬಳಿ ಹೋಗಿ ಮಾತಾಡುತ್ತಿದ್ದೆ. ಯಾರೂ ಕೇಳಿರಲಿಲ್ಲ, ಹಾಗಾಗಿ ನಾನು ಹೇಳಿರಲಿಲ್ಲ — ಹಾಗೆಂದುಕೊಂಡಿದ್ದೆ.

ನಮ್ಮ ಸಂಸ್ಥೆಯದು ಹಳ್ಳಿಯ ಸ್ವಸಹಾಯ ಗುಂಪುಗಳ ಹೆಂಗಸರಿಗೆ ಕೃತಕ ಬುದ್ಧಿಮತ್ತೆಯನ್ನು ಬಳಸಲು ಕಲಿಸುವ ಕೆಲಸ. ಚೆನ್ನಾಗಿ ಕಲಿತವರಲ್ಲಿ ಒಬ್ಬಳನ್ನು ತಾಲ್ಲೂಕಿನ ಮುಖ್ಯ ತರಬೇತುದಾರಳಾಗಿ ಆರಿಸಬೇಕು, ಅವಳು ಅಧಿಕಾರಿಗಳ ಜೊತೆ ಒಂದೇ ಮೇಜಿಗೆ ಕೂರಬೇಕು ಎಂಬುದು ಉದ್ದೇಶ. ತಕ್ಕವರು ಸಿಗದಿದ್ದರೆ ತಾತ್ಕಾಲಿಕವಾಗಿ ಕಲಿಸುತ್ತಿದ್ದವರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದೂ ನಿಯಮದಲ್ಲಿತ್ತು. ತಾತ್ಕಾಲಿಕವಾಗಿ ಕಲಿಸುತ್ತಿದ್ದವಳು ನಾನು. ಆ ಸಾಲು ನನಗೆ ಬಾಯಿಪಾಠವಾಗಿತ್ತು.

ಕಲಿಯಲು ಬಂದವರಲ್ಲಿ ಮಾದಕ್ಕ ಒಬ್ಬಳು; ಅವಳ ಊರು ತೊಪ್ಪೂರು ಘಾಟಿಯ ಕೆಳಗೆ. ಐದನೆಯ ತರಗತಿಯವರೆಗೆ ತಮಿಳು ಓದಿದ್ದಳು, ಅರವತ್ತು ಕುರಿ ಮೇಯಿಸುತ್ತಿದ್ದಳು. ಮೊದಲ ದಿನವೇ ಫೋನನ್ನು ಕುರಿಯ ಗೊರಸಿನ ಬಗ್ಗೆ ತನ್ನ ಮನೆಮಾತಾದ ಕನ್ನಡದಲ್ಲೇ ಏನೋ ಕೇಳಿದಳು. ಅದು ಸಂಬಂಧವಿಲ್ಲದ ಉತ್ತರ ಕೊಟ್ಟಿತು. ಉಳಿದವರು ನಕ್ಕು ತಮಿಳಿಗೆ ತಿರುಗಿದರು. ಇವಳು ತಿರುಗಲಿಲ್ಲ.

“ಇದು ಒಸ ಸೊಸೆ ಇದ್ದಂಗೆ ಐತೆ ಕಣಮ್ಮಿ,” ಎಂದಳು ನನಗೆ. “ಎಲ್ಲಾ ಗೊತ್ತು ಅಂತೈತೆ, ಒಂದೂ ಗೊತ್ತಿಲ್ಲ. ಕೂರಿಸ್ಕಂಡು ಕಲಿಸ್ಬೇಕು.”

ಕಲಿಸತೊಡಗಿದಳು. ಊರಿನ ಮೂವತ್ತೊಂದು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು, ಒಂದೊಂದು ಪ್ರಶ್ನೆಯನ್ನು ಮೂರು ಸಲ ಹೇಳಿಸಿ ರೆಕಾರ್ಡ್ ಮಾಡಿದಳು. ಪ್ರತಿ ರೆಕಾರ್ಡಿಂಗಿನ ಹಿಂದೆ ಘಾಟಿ ಇಳಿಯುವ ಲಾರಿಗಳ ಬ್ರೇಕಿನ ಸದ್ದಿತ್ತು. ಫೋನು ಎಲ್ಲಿ ತಪ್ಪಿತು, ಸರಿಯಾದದ್ದು ಏನು — ಒಂದು ನೋಟುಬುಕ್ಕಿನಲ್ಲಿ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆದಿಟ್ಟಳು. ದೊಡ್ಡ ಕುರಿಗೆ ಕೊಡುವಷ್ಟೇ ಔಷಧಿಯನ್ನು ಮರಿಗೂ ಕೊಡಿ ಎಂದು ಅದು ಒಮ್ಮೆ ಹೇಳಿದ್ದನ್ನು ಹಿಡಿದವಳು ಅವಳು, ನಾನಲ್ಲ. ಅಂದಿನಿಂದ ಗುಂಪಿನಲ್ಲಿ ಅವಳದೊಂದು ಕಟ್ಟಳೆ: ಫೋನನ್ನು ಕೇಳಿ, ಆದರೆ ಡಾಕ್ಟರನ್ನು ಕೇಳದೆ ಕುರಿಯ ಬಾಯಿಗೆ ಏನನ್ನೂ ಹಾಕಬೇಡಿ. ನಾಯಕತ್ವದ ಬಗ್ಗೆ ನಾನು ಪರದೆಯ ಮೇಲೆ ತೋರಿಸುತ್ತಿದ್ದ ಪಾಠದಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇರಲಿಲ್ಲ.

ಆ ರೆಕಾರ್ಡಿಂಗುಗಳನ್ನು ಕೇಳಿ ಪರಿಶೀಲಿಸಿದವಳು ನಾನೇ. ವಾರಕ್ಕೆರಡು ದಿನ ಅವಳ ಜಗುಲಿಯ ಮೇಲೆ ಕೂತು, ಅವ್ವನ ಜೊತೆ ಆಡುವ ಹಾಗೆ ಮಾತಾಡಿದ್ದೇನೆ. ಒಂದು ದಿನ, ನಮ್ಮ ಮಾತಿಗೂ ಅಕ್ಷರ ಉಂಟಂತಲ್ಲ, ನನ್ನ ಹೆಸರು ಬರಿ ಎಂದಳು. ನಾನು ಮಾದಕ್ಕ ಎಂದು ಕರೆಯುತ್ತಿದ್ದರೂ ಅವಳ ಹೆಸರು ಮಾದಮ್ಮ; ಬಿಳಿ ಚೀಟಿಯ ಮೇಲೆ ‘ಮಾದಮ್ಮ’ ಎಂದು ಬರೆದುಕೊಟ್ಟೆ. ಅದನ್ನು ಫೋನಿನ ಬೆನ್ನಿಗೆ ಅಂಟಿಸಿ, ಮೇಲೆ ಟೇಪು ಹಚ್ಚಿಕೊಂಡಳು.

ಆಯ್ಕೆಯ ದಿನ ಅವಳು ಮೇಜಿನ ಮೇಲೆ ಫೋನನ್ನು ಮಗುಚಿ ಇಟ್ಟು ರೆಕಾರ್ಡಿಂಗ್ ಹಾಕಿದಳು. ನನ್ನ ಕೈಬರಹ ಮೇಲಿತ್ತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಆಯ್ಕೆ ಸಮಿತಿಯವರು ಸ್ವಲ್ಪ ಹೊತ್ತು ಕೇಳಿದರು, ಒಬ್ಬರು ನಕ್ಕರು. ಇದಕ್ಕೇನಾದರೂ ಅರ್ಥವಿದೆಯೇ, ಸುಮ್ಮನೆ ಹರಟೆಯೇ ಎಂದು ಅಧ್ಯಕ್ಷರು ಕೇಳಿದರು. ಎಲ್ಲವನ್ನೂ ಕೇಳಿ ನೋಡಿದವರು ಇವರೇ, ಇವರನ್ನೇ ಕೇಳಿ ಎಂದು ಮಾದಕ್ಕ ತಮಿಳಿನಲ್ಲಿ ಹೇಳಿ ನನ್ನತ್ತ ಕೈ ತೋರಿಸಿದಳು. ಎಷ್ಟು ನಿಶ್ಚಿಂತೆಯಿಂದ ತೋರಿಸಿದಳು —

“ಎನಕ್ಕು ಕನ್ನಡಂ ತೆರಿಯಾದು ಸಾರ್,” ಎಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದು ಸರಿಯಾದ ಕನ್ನಡವೂ ಅಲ್ಲ, ಕುರಿ ಮೇಯಿಸುವವರ ಮಾತು ಎಂದು ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಮಾದಕ್ಕ ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ತಿಳಿಯುವ ಮಾತಿನಲ್ಲಿ, ಎಲ್ಲರ ಎದುರಿಗೇ ಹೇಳಿದಳು: “ಬುಡಮ್ಮಿ. ಬಾಯಿ ನಿಂದು. ನಿಮ್ಮವ್ವ ಫೋನ್ ಮಾಡಿದ್ರೆ ಏನ್ ಮಾಡ್ತೀಯ?”

ಏನಂತಾರೆ ಎಂದು ಅಧ್ಯಕ್ಷರು ನನ್ನನ್ನೇ ಕೇಳಿದರು. “ತೆರಿಯಲ ಸಾರ್,” ಎಂದೆ, ತಿಳಿಯುತ್ತಿಲ್ಲ ಎಂದು. ಎರಡನೆಯ ಸಲ.

ಫೋನನ್ನು ಎತ್ತಿ ಆ ಚೀಟಿ ತೋರಿಸಿದ್ದರೆ ಸಾಕಿತ್ತು. ಅವಳಿಗೆ ತಮಿಳು ನನ್ನಷ್ಟೇ ಚೆನ್ನಾಗಿ ಬರುತ್ತದೆ; ಇವಳು ಸುಳ್ಳು ಹೇಳುತ್ತಿದ್ದಾಳೆ ಎನ್ನಬಹುದಿತ್ತು. ಅವಳು ಫೋನನ್ನು ತಿರುಗಿಸಿ, ಹೆಸರು ಕೆಳಗಾಗುವಂತೆ ಇಟ್ಟಳು. ನನ್ನ ಕೈಬರಹವನ್ನು ಮುಚ್ಚಿದಳು. ನಾನು ಅವಳನ್ನು ಬಿಟ್ಟುಕೊಟ್ಟ ಗಳಿಗೆಯಲ್ಲಿ ಅವಳು ನನ್ನನ್ನು ಉಳಿಸಿದಳು.

ಏಕೆ ಹಾಗೆಂದೆ? ನಾಚಿಕೆ ಎಂದು ಬಹಳ ದಿನ ಹೇಳಿಕೊಂಡೆ. ನಾಚಿಕೆಗೆ ಒಂದು ಮರ್ಯಾದೆಯಾದರೂ ಇದೆ. ಆದರೆ ನಿಯಮದ ಆ ಸಾಲು ಬಾಯಿಪಾಠವಾಗಿತ್ತಲ್ಲ — ಬಾಯಿ ತೆರೆಯುವ ಮೊದಲು ಅದು ನೆನಪಾಯಿತೋ, ಆಮೇಲೋ? ಮೊದಲೇ. ಇದನ್ನು ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ಅರ್ಥವಾಗದ ರೆಕಾರ್ಡಿಂಗುಗಳನ್ನು ಇಟ್ಟುಕೊಳ್ಳುವುದು ಬೇಡವೆಂದರು ಸಮಿತಿಯವರು. ಮೂವತ್ತೊಂದು ಹೆಂಗಸರ ದನಿಯನ್ನು ಆಫೀಸಿನ ಕಂಪ್ಯೂಟರಿನಿಂದ ನನ್ನ ಬೆರಳೇ ಅಳಿಸಿತು; ಮಾದಕ್ಕನ ಫೋನಿನಲ್ಲಿ ಜಾಗ ಸಾಲದೆ ಉಳಿದಿದ್ದದ್ದು ಒಂದೆರಡು ಮಾತ್ರ. ಆ ಊರಿನ ಗುಂಪು ತರಬೇತಿಗೆ ಬರುವುದು ನಿಂತಿತು. ಬೇರೆ ಊರುಗಳಲ್ಲಿ ನಾನು ವೇದಿಕೆ ಹತ್ತಿ, ಹೆಂಗಸರೇ, ಹೆದರದೆ ನಿಮ್ಮ ಮಾತಿನಲ್ಲೇ ಕೇಳಿ ಎಂದು ಹೇಳುತ್ತೇನೆ. ಚಪ್ಪಾಳೆ ತಟ್ಟುತ್ತಾರೆ.

ಹೋದ ತಿಂಗಳು ತೊಪ್ಪೂರಿನ ಬಸ್‌ಸ್ಟಾಪಿನಲ್ಲಿ ಮಾದಕ್ಕ ಸಿಕ್ಕಳು. ಕೈಯಲ್ಲಿ ಅದೇ ಫೋನು. ಬೆನ್ನ ಮೇಲೆ ಚೀಟಿ ಇರಲಿಲ್ಲ. ಅಂಟು ಉಳಿದ ಕಡೆ ಚೌಕವಾಗಿ ಧೂಳು ಹಿಡಿದಿತ್ತು. ಅವಳೇ ಮೊದಲು ಮಾತಾಡಿಸಿದಳು.

“ನಲ್ಲಾ ಇರುಕ್ಕೀಂಗಳಾ ಮೇಡಂ?”

ಚೆನ್ನಾಗಿದ್ದೀರಾ ಮೇಡಂ — ತಮಿಳಿನಲ್ಲಿ, ಬಹುವಚನದಲ್ಲಿ, ಕನ್ನಡ ಬಾರದ ಅಧಿಕಾರಿಯನ್ನು ಕೇಳುವ ಹಾಗೆ. ನಾನು ತಮಿಳಿನಲ್ಲೇ ಉತ್ತರಿಸಿದೆ. ಅದು ಮೂರನೆಯ ಸಲ.

ನಡೆದದ್ದನ್ನೆಲ್ಲ ಬರೆದು ನಿನ್ನೆ ಸಮಿತಿಗೆ ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ತಿಳಿಯದು; ಅಳಿಸಿದ ದನಿಗಳಂತೂ ಬರುವುದಿಲ್ಲ. ಈ ಬರಹವನ್ನು ಮಾದಕ್ಕ ಓದಲಾರಳು. ಈ ಅಕ್ಷರಗಳಲ್ಲಿ ಅವಳಿಗೆ ಗೊತ್ತಿದ್ದದ್ದು ತನ್ನ ಹೆಸರಿನ ಮೂರು ಮಾತ್ರ, ಅವನ್ನೂ ಕಿತ್ತುಹಾಕಿದ್ದಾಳೆ. ಆದ್ದರಿಂದ ಇದನ್ನು ನಾನೇ ಹೋಗಿ ಅವಳ ಜಗುಲಿಯ ಮುಂದೆ ನಿಂತು ಬಾಯಲ್ಲಿ ಹೇಳಬೇಕು — ಕನ್ನಡದಲ್ಲಿ, ಅವಳು ತಮಿಳಿನಲ್ಲೇ ಉತ್ತರ ಕೊಟ್ಟರೂ.