ಝುಂಡಲ್ ಮಾವ ಮತ್ತು ಹನ್ನೆರಡನೆಯ ಚೀಟಿ

ನನ್ನ ಮಾವ ಝುಂಡಲ್ ಬೊರೋವಿಕ್ ಯುರೋಪಿನ ಗ್ರೋದ್ನೋ ಊರಿನಿಂದ ನ್ಯೂಯಾರ್ಕಿಗೆ ಬಂದಾಗ ಅವರಿಗೆ ಇಪ್ಪತ್ತೆರಡು. ಬೇಯಿಸಿದ ಕಡಲೆಯನ್ನು ತಳ್ಳುಗಾಡಿಯಲ್ಲಿಟ್ಟು ಏಳು ವರ್ಷ ಮಾರಿದರು. ಆಮೇಲೆ ರಿವಿಂಗ್ಟನ್ ಬೀದಿಯಲ್ಲಿ, ಐದು ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆಯಲ್ಲಿ, ಅಂಗಡಿ ಇಟ್ಟರು. ಬಾರ್ಲಿ, ಹುರಿದ ನುಚ್ಚು, ಪೀಪಾಯಿಯಲ್ಲಿ ಉಪ್ಪುನೀರಿಗೆ ಹಾಕಿದ ಸೌತೆಕಾಯಿ ಎಲ್ಲ ಇದ್ದವು. ಆದರೆ ಜನ ಬರುತ್ತಿದ್ದದ್ದು ಶಾವಿಗೆಗೆ. ಅತ್ತೆ ಮೂಶೆ ಬದುಕಿರುವ ತನಕ ಹಿಟ್ಟು ನಾದಿದ್ದು ಅವರು. ಅವರು ಹೋದ ಮೇಲೆ ಆ ಕೆಲಸ ನನಗೆ ಬಂತು. ಲಟ್ಟಿಸಿ ಕೊಯ್ದ ಶಾವಿಗೆಯನ್ನು ಹಾಸಿಗೆಗಳ ಮೇಲೆ ಬಿಳಿ ಬಟ್ಟೆ ಹಾಸಿ ಒಣಗಿಸುತ್ತಿದ್ದೆವು. ಅದು ಒಣಗುವವರೆಗೆ ಮನೆಯಲ್ಲಿ ಯಾರಿಗೂ ಮಲಗಲು ಜಾಗವಿಲ್ಲ.

ಮಾವ ಒಂದು ಕಡೆ ಕೂತವರಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಬೀದಿ ನೋಡಿ ಬರುವುದು, ಮತ್ತೆ ಇಳಿಯುವುದು. "ಮಾವ, ಕೂತ್ಕೊಳ್ಳಿ" ಅಂದರೆ, "ಕೂತ್ರೆ ಕಾಲು ಬೈಯುತ್ತೆ" ಅನ್ನುತ್ತಿದ್ದರು. ನಾನು ಹೇಳಹೊರಟ ವರ್ಷದ ಚಳಿಗಾಲದಲ್ಲಿ ಎದೆನೋವು ಬಂದು ಮೂರು ವಾರ ಮಲಗಿದ್ದರು. ಎದ್ದ ದಿನವೇ ಮೆಟ್ಟಿಲು ಹತ್ತಿದರು.

ಪೇಸಖ್ ಹಬ್ಬದ ಎಂಟು ದಿನ ಹುಳಿ ಹತ್ತುವ ಹಿಟ್ಟಿನ ಪದಾರ್ಥ, ಶಾವಿಗೆಯೂ ಸೇರಿ, ಯಹೂದಿಗಳಾದ ನಮ್ಮವರ ಒಡೆತನದಲ್ಲಿ ಇರಕೂಡದು. ಅಂಗಡಿ ತುಂಬ ಸರಕಿದ್ದವರು ಹಬ್ಬದ ಹಿಂದಿನ ಬೆಳಗ್ಗೆ, ಅದನ್ನು ಮಾರಿಕೊಡಿ ಎಂದು ಸಹಿ ಹಾಕಿದ ಚೀಟಿಯನ್ನು ನಮ್ಮ ಧರ್ಮಗುರು ರಬ್ಬಿಗೆ ಕೊಡುತ್ತಾರೆ. ರಬ್ಬಿ ಎಲ್ಲವನ್ನೂ ಸೇರಿಸಿ ಬೇರೆ ಧರ್ಮದವನೊಬ್ಬನಿಗೆ ಕಾಗದದ ಮೇಲೆ ಮಾರುತ್ತಾರೆ, ಹಬ್ಬ ಮುಗಿದ ಸಂಜೆ ವಾಪಸು ಕೊಳ್ಳುತ್ತಾರೆ. ಚೀಟಿ ಹೋಗದಿದ್ದರೆ ಆ ಸರಕು ಕೆಟ್ಟಂತೆ. ಆಮೇಲೆ ತಿನ್ನುವಂತಿಲ್ಲ, ಮಾರುವಂತಿಲ್ಲ, ಬೀದಿಯ ಭಿಕ್ಷುಕನಿಗೂ ಕೊಡುವಂತಿಲ್ಲ.

ನಮ್ಮ ಬೀದಿಯ ಹನ್ನೆರಡು ಅಂಗಡಿಗಳ ಚೀಟಿಯನ್ನೂ ರಬ್ಬಿಗೆ ಒಯ್ಯುತ್ತಿದ್ದದ್ದು ಮಾವನೇ. ಎದುರಂಗಡಿಯ ತ್ಸಿಪೆ ನೈಮನ್‌ಳದನ್ನೂ ಸೇರಿಸಿ. ತ್ಸಿಪೆ ತಾನೂ ಶಾವಿಗೆ ಮಾರಲು ಶುರುಮಾಡಿದ ದಿನದಿಂದ ಒಂಬತ್ತು ವರ್ಷ ಅವರಿಬ್ಬರಿಗೆ ಮಾತಿರಲಿಲ್ಲ. ಆದರೂ ಅವಳ ಚೀಟಿಯನ್ನು ಬಿಟ್ಟುಹೋಗಲಿಲ್ಲ.

ಇದು ೧೯೫೨ರ ಮಾತು. ಹಬ್ಬ ಬುಧವಾರ ಸಂಜೆ ಶುರುವಾಯಿತು. ಹಬ್ಬದ ನಡುವಿನ ಭಾನುವಾರ ನಾನು ಮಾವನ ದಿನಬಳಕೆಯ ಟೋಪಿಗೆ ಬ್ರಷ್ ಹಾಕುತ್ತಿದ್ದೆ. ಒಳಗಿನ ಚರ್ಮದ ಪಟ್ಟಿಯ ಸಂದಿನಲ್ಲಿ ಕಾಗದ ಸಿಕ್ಕಿತು. ಬಿಡಿಸಿದೆ. ಝುಂಡಲ್ ಬೊರೋವಿಕ್, ರಿವಿಂಗ್ಟನ್ ಬೀದಿ, ಕೆಳಗೆ ಸಹಿ. ಹನ್ನೊಂದು ಚೀಟಿ ಕೈಯಲ್ಲಿ ಹಿಡಿದು ಹೋದವರು ತಮ್ಮದನ್ನು ಕಳೆಯಬಾರದೆಂದು ಟೋಪಿಯಲ್ಲಿಟ್ಟಿದ್ದಾರೆ. ಅಲ್ಲೇ ಮರೆತಿದ್ದಾರೆ.

ಕೆಳಗೆ ಬೀಗ ಹಾಕಿದ ಅಂಗಡಿಯಲ್ಲಿ ಹದಿನಾರು ಚೀಲ ಶಾವಿಗೆ ಇತ್ತು. ಇಡೀ ಚಳಿಗಾಲದ್ದು.

ಗಂಡ ಬೆರೆಲ್‌ಗೆ ತೋರಿಸಿದೆ.

"ಒಲೆಗೆ ಹಾಕು" ಅಂದ.

"ಚೀಟೀನಾ, ಶಾವಿಗೇನಾ?"

"ಚೀಟಿ ಕಣೇ! ಅಪ್ಪನ ಎದೆ ನೋಡಿದ್ದೀಯಲ್ಲ. ಈ ಸರಕು ಹೋದ್ರೆ ಅಂಗಡಿಯೂ ಹೋಯ್ತು, ಅವರೂ ಹೋದ್ರು. ರಬ್ಬಿ ಮನಸ್ಸಲ್ಲೇ ಸೇರಿಸ್ಕೊಂಡಿರ್ತಾರೆ ಬಿಡು."

ಒಲೆಗೆ ಹಾಕಲು ಕೈ ಬರಲಿಲ್ಲ. ಏಪ್ರನ್ ಜೇಬಿಗೆ ಹಾಕಿಕೊಂಡೆ. ಸೋಮವಾರ ರಬ್ಬಿಯ ಮನೆ ಬಾಗಿಲ ತನಕ ಹೋದೆ. ಅವರ ಹೆಂಡತಿ, "ಏನಮ್ಮ, ಬಾ ಒಳಗೆ" ಅಂದರು. "ಏನಿಲ್ಲ, ಮೊಟ್ಟೆಯಲ್ಲಿ ರಕ್ತದ ಚುಕ್ಕೆ ಇತ್ತು, ತಿನ್ನಬಹುದಾ ಅಂತ ಕೇಳೋಣ ಅಂತಿದ್ದೆ, ಆಗಲೇ ಬಿಸಾಕಿದೆ" ಅಂತ ಹೇಳಿ ಹಿಂದಿರುಗಿದೆ. ಮಂಗಳವಾರ ಎರಡು ಸಲ ಬಾಯಿ ತೆಗೆದೆ. ಮೊದಲ ಸಲ ಮಾವ ಮಾತ್ರೆ ನುಂಗುತ್ತಿದ್ದರು. ಎರಡನೇ ಸಲ ನಗುತ್ತಿದ್ದರು. ಬುಧವಾರ ಮತ್ತೆ ಕೆಲಸ ಮುಟ್ಟಬಾರದ ಹಬ್ಬದ ದಿನ. ಊಟಕ್ಕೆ ಕೂತರೆ ಕಾಗದ ತೊಡೆಗೆ ತಾಗುತ್ತಿತ್ತು. ಮಾವ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿದ್ದರು. ಅಂಗಡಿ ತೆರೆಯುವ ಆತುರ ಅವರಿಗೆ. ಅವರು ಪ್ರತಿ ಸಲ ತಿರುಗಿದಾಗಲೂ ನಾನು ಬೆಚ್ಚುತ್ತಿದ್ದೆ.

ಗುರುವಾರ ಸಂಜೆ ಮೂರು ನಕ್ಷತ್ರ ಕಂಡವು, ಹಬ್ಬ ಮುಗಿಯಿತು. ಮಾರನೆಯ ದಿನ ಶುಕ್ರವಾರ, ಸಂಜೆಗೆ ವಾರದ ವಿಶ್ರಾಂತಿಯ ಸಬ್ಬತ್ತು, ಅದರ ಸಾರಿಗೆ ಎಲ್ಲರಿಗೂ ಶಾವಿಗೆ ಬೇಕು. ಗುರುವಾರ ರಾತ್ರಿಯೇ ಮೆಟ್ಟಿಲ ಮೇಲೆ ಹೆಂಗಸರು ಸಾಲು ನಿಂತಿದ್ದರು. ಮಾವ ಬೀಗದ ಕೈ ಹಿಡಿದು ಹಿಂಬಾಗಿಲಿಗೆ ಬಂದರು.

"ಮಾವ, ತೆಗೀಬೇಡಿ."

"ಯಾಕೆ? ಒಳಗೆ ಇಲಿ ಮದುವೆ ನಡೀತಿದ್ಯಾ?"

ಚೀಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಗೋಡೆಗೆ ಕೈ ಕೊಟ್ಟರು.

"ಎಲ್ಲಿತ್ತು?"

"ನಿಮ್ಮ ಟೋಪಿ ಪಟ್ಟಿಯೊಳಗೆ."

"ಯಾವಾಗ ಸಿಕ್ತು?"

"ಈಗ ತಾನೇ" ಅನ್ನಬಹುದಿತ್ತು. "ಭಾನುವಾರ" ಅಂದೆ.

ಅವರು ಬೆರಳು ಮಡಿಸಿ ಎಣಿಸಿದರು. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ.

"ಮರೆತದ್ದು ನಾನು. ಅದಕ್ಕೆ ಮೇಲಿರೋನ ಹತ್ರ ಏನಾದ್ರೂ ಹೇಳ್ಕೋತೀನಿ, ವಯಸ್ಸಾಯ್ತು ಅಂತೀನಿ. ಭಾನುವಾರ ನೀನು ಹೇಳಿದ್ರೆ ಭಾನುವಾರವೇ ಸುಟ್ಟುಹಾಕ್ತಿದ್ದೆ. ಈ ಐದು ದಿನ ಅದು ನನ್ನ ಒಡೆತನದಲ್ಲೇ ಇತ್ತು. ನೀನು ಗೊತ್ತಿದ್ದೂ ಇಡಿಸಿದೆ."

"ನಿಮ್ಮ ಎದೆ..."

"ನನ್ನ ಎದೆ ನಂದು ಕಣಮ್ಮ. ಅದನ್ನ ನಿನ್ನ ಜೇಬಲ್ಲಿಟ್ಕೋ ಅಂತ ಕೊಟ್ಟಿರಲಿಲ್ಲ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ದಿನಕ್ಕೊಂದು ತಪ್ಪನ್ನು ಅವರ ತಲೆಗೆ ಏರಿಸುತ್ತಿದ್ದೆ.

ಬೆರೆಲ್ ಬಂದ. "ಅಪ್ಪ, ರಬ್ಬೀನ ಕೇಳೋಣ. ಏನಾದ್ರೂ ದಾರಿ ಇರುತ್ತೆ."

"ಇರುತ್ತೆ. ಒಳ್ಳೆ ಮನುಷ್ಯ, ಹುಡುಕಿ ಕೊಡ್ತಾರೆ. ಆದ್ರೆ ಅದನ್ನ ತೂಕ ಮಾಡಿ ಕೊಡೋನು ನಾನು. ಕೈ ಬರಲ್ಲ."

ಮುಂಬಾಗಿಲು ತೆಗೆದು ಮೆಟ್ಟಿಲ ಬುಡದಲ್ಲಿ ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ನನ್ನ ಐದು ದಿನದ ಸುದ್ದಿ ಮಾತ್ರ ಹೇಳಲಿಲ್ಲ. ಸಾಲಿನ ಮುಂದಿದ್ದ ಕ್ರೈಂಡಲ್‌ಳ ಬಾಯಿ ಸುಮ್ಮನಿರುವಂಥದ್ದಲ್ಲ.

"ಊರವರ ಚೀಟಿಯೆಲ್ಲ ಹೊತ್ತು, ತನ್ನದನ್ನ ಟೋಪೀಲಿ ಬಿಟ್ಟನಂತೆ! ಆಗ ತಲೆ ಎಲ್ಲಿತ್ತಪ್ಪ?"

"ಟೋಪಿ ಒಳಗೇ ಇತ್ತು ತಾಯಿ. ತಲೆಗೂ ಚೀಟಿಗೂ ಜಾಗ ಸಾಲಲಿಲ್ಲ."

ಸಾಲಿನವರೆಲ್ಲ ನಕ್ಕರು. ನಗು ಮುಗಿದ ಮೇಲೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾವ ಮೆಟ್ಟಿಲು ಹತ್ತಿ ಬೀದಿ ದಾಟಿದರು. ಹೆಂಗಸರು ಬುಟ್ಟಿ ಹಿಡಿದು ಹಿಂದೆ ಹೋದರು, ನಾನೂ ಹೋದೆ. ತ್ಸಿಪೆ ಕೈ ಸೊಂಟಕ್ಕಿಟ್ಟು ಬಾಗಿಲಲ್ಲೇ ನಿಂತಳು.

"ಏನು ಝುಂಡಲ್ ಯಜಮಾನ್ರೆ, ಬೇಹುಗಾರಿಕೆಗೆ ಬಂದ್ರಾ?"

"ಎರಡು ಪೌಂಡ್ ಶಾವಿಗೆ ಕೊಡು."

"ನಂದು ಬೂಟಿನ ದಾರ ಅಂತ ಊರೆಲ್ಲ ಸಾರಿದ್ರಲ್ಲ?"

"ಈಗಲೂ ದಾರವೇ. ಆದ್ರೆ ಇದರ ಚೀಟೀನ ನನ್ನ ಕೈಯಾರೆ ರಬ್ಬಿ ಕೈಗೆ ಕೊಟ್ಟಿದ್ದೀನಿ. ಇಲ್ಲಿ ಕೊಂಡೋರಿಗೆ ಭಯ ಇಲ್ಲ. ತೂಗು, ಹಿಂದೆ ಜನ ಕಾಯ್ತಿದ್ದಾರೆ."

ತ್ಸಿಪೆ ಬೇರೆ ಮಾತಾಡದೆ ತೂಗಿದಳು. ತಟ್ಟೆ ಎರಡು ಪೌಂಡಿಗೆ ನಿಂತ ಮೇಲೂ ಒಂದು ಹಿಡಿ ಹಾಕಿದಳು.

ಶುಕ್ರವಾರ ಬೆಳಗ್ಗೆ ಬೆರೆಲ್ ಮತ್ತು ನಾನು ಹದಿನಾರು ಚೀಲವನ್ನೂ ಹಿಂದಿನ ಅಂಗಳಕ್ಕೆ ಹೊತ್ತೆವು. ಉಳಿದ ಹಿಟ್ಟು, ಬಾರ್ಲಿ, ನುಚ್ಚು, ರೊಟ್ಟಿಪುಡಿಯನ್ನೂ ಸೇರಿಸಿದೆವು. ಯಾರೂ ಹೆಕ್ಕಿ ತಿನ್ನದಿರಲಿ ಎಂದು ಮಾವ ತಾವೇ ಸೀಮೆಎಣ್ಣೆ ಸುರಿದರು, ಕಸದ ಗಾಡಿ ಎಲ್ಲವನ್ನೂ ಒಯ್ದಿತು. ಬೆರೆಲ್‌ನೊಡನೆ ಮಾತಾಡಿದರು, ಕಸದ ಗಾಡಿಯವನೊಡನೆ ಮಾತಾಡಿದರು, ನನ್ನೊಡನೆ ಇಲ್ಲ. ಸಬ್ಬತ್ತಿನ ಮೇಜಿನಲ್ಲಿ ತ್ಸಿಪೆಯ ಶಾವಿಗೆಯ ಸಾರು ಉಂಡರು. ನನಗೆ ತಟ್ಟೆ ದಾಟಿಸಿದರು, ಮುಖ ನೋಡಲಿಲ್ಲ. ಮಲಗಿದ ಮೇಲೂ ಅವರ ಹೆಜ್ಜೆ ಕೋಣೆಯಲ್ಲಿ ಹೋಗಿ ಬರುವುದು ಕೇಳುತ್ತಿತ್ತು.

ಭಾನುವಾರ ಐದೂವರೆಗೆ ಕೆಳಗಿಳಿದೆ. ಬರಿದಾದ ಕಪಾಟುಗಳ ನಡುವೆ ಮಾವ ಆಗಲೇ ನಿಂತಿದ್ದರು. ಎರಡು ಚೀಲ ಹೊಸ ಹಿಟ್ಟು ಬಂದಿತ್ತು. ಮೂವತ್ತು ಮೊಟ್ಟೆ ಒಡೆದು ನಾದಿದೆ, ಲಟ್ಟಿಸಿದೆ. ಅವರು ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ನಾಲ್ಕನೆಯ ಸಲ ಮೇಜಿನ ಹತ್ತಿರ ನಿಂತರು. ಹಿಟ್ಟಿನ ಹಾಳೆಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿದರು.

"ದಪ್ಪ ಆಯ್ತು" ಅಂದರು. "ನೋಡು, ನನ್ನ ಬೆರಳೇ ಕಾಣ್ತಿಲ್ಲ. ಏನಿದ್ರೂ ಕಾಣೋ ಹಾಗೆ ಮಾಡು ಸೊಸೆ."

"ಆಯ್ತು ಮಾವ" ಅಂದೆ. ಇನ್ನಷ್ಟು ತೆಳ್ಳಗೆ ಲಟ್ಟಿಸಿದೆ. ಹಾಸಿಗೆಗೆ ಹಾಸುವ ಬಟ್ಟೆ ತರಲು ಅವರೇ ಮೇಲೆ ಹೋದರು.