ಹಳೆಯ ಜಿನ್ನಿನಲ್ಲಿ ಒಂದು ಅಂಕಣ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಕಾಲೇಜಿನಲ್ಲಿ ನಾನು ನಾಲ್ಕನೆಯ ವರ್ಷದ ಆರ್ಕಿಟೆಕ್ಚರ್ ಓದುತ್ತಿದ್ದೆ. ನಮ್ಮ ಪ್ರಾಧ್ಯಾಪಕರು ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಊರಲ್ಲಿ ಹಾಳುಬಿದ್ದ ಕಟ್ಟಡವೊಂದನ್ನು ಹುಡುಕಿ, ಅದನ್ನು ಕೆಡವದೆ ಹೊಸ ಬಳಕೆಗೆ ತರುವುದು ಹೇಗೆಂದು ತೋರಿಸಿ ಎಂದರು. ಇಬ್ಬರಿಬ್ಬರು ಸೇರಿ ಮಾಡಬಹುದಿತ್ತು.

ನನ್ನ ಜೊತೆಗಾರ ಬ್ಯಾಡಗಿಯವನು. ನಾನು ಹಾವೇರಿ. ಶನಿವಾರ ಒಂದೇ ಬಸ್ಸಿಗೆ ಊರಿಗೆ ಹೋಗುತ್ತಿದ್ದುದರಿಂದ ಗೆಳೆಯರಾದವರು. ನನ್ನ ತಂದೆ ವಕೀಲರು, ನಾನು ಈ ಓದಿಗೆ ಬರಲು ಯಾರೂ ಹೊಟ್ಟೆ ಕಟ್ಟಬೇಕಾಗಿರಲಿಲ್ಲ. ಅವನ ತಂದೆ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅವನನ್ನು ಓದಿಸುತ್ತಿದ್ದವಳು ಅಕ್ಕ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಗೆಳೆಯ ನಮ್ಮ ತರಗತಿಯಲ್ಲೇ ಚೆನ್ನಾಗಿ ಚಿತ್ರ ಬರೆಯುವವನು. ಪೆನ್ಸಿಲ್ ಹಿಡಿದರೆ ಗೋಡೆಯ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆಂಬುದು ಅವನಿಗೆ ಕೇಳದೆಯೇ ತಿಳಿಯುತ್ತಿತ್ತು.

"ನಮ್ಮೂರಾಗ ಒಂದು ಹಳೇ ಹತ್ತಿ ಜಿನ್ನು ಐತಿ," ಎಂದ ಅವನು. "ಬಂದಾಗಿ ಭಾಳ ವರ್ಷ ಆತು. ನೋಡಿದ್ರ ನಿನಗ ಬ್ಯಾರೆ ಯಾವ ಜಾಗಾನೂ ಬ್ಯಾಡ ಅನಸತೈತಿ."

ಖರೆಯೇ ಇತ್ತು. ಉದ್ದನೆಯ ಶೆಡ್ಡು, ಎತ್ತರದ ಹೆಂಚಿನ ಮಾಡು, ಮಾಡಿನ ಕೆಳಗೆ ಸಾಗವಾನಿಯ ತೊಲೆಗಳು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳನ್ನು ಎಂದೋ ಕಿತ್ತು ಮಾರಿದ್ದರು. ಗೋಡೆಯ ಬುಡದಲ್ಲಿದ್ದ ಕಿಂಡಿಗಳನ್ನೆಲ್ಲ ಇಟ್ಟಿಗೆ ತುಂಬಿ ಮುಚ್ಚಿದ್ದರು. ಎಲ್ಲೋ ತೊಲೆಯ ಸಂದಿಯಲ್ಲಿ ಇನ್ನೂ ಹತ್ತಿಯ ಎಳೆ ಅಂಟಿಕೊಂಡಿತ್ತು. ಮಾಲೀಕರು ಹುಬ್ಬಳ್ಳಿಯಲ್ಲಿದ್ದರು. ಬೀಗದ ಕೈ ಊರಲ್ಲಿದ್ದ ಅವರ ತಮ್ಮನ ಹತ್ತಿರ ಇತ್ತು. "ಹಾಳು ಬಿದ್ದದ್ದು, ಏನರ ಬರ್ಕೊಳ್ರಿ," ಎಂದು ಆ ತಮ್ಮ ನಗುತ್ತ ಕೊಟ್ಟ.

ಅಲ್ಲಿ ಒಂದು ವಾಚನಾಲಯವನ್ನೋ ನಾಟಕದ ಮಂದಿರವನ್ನೋ ಮಾಡಬೇಕೆಂದು ನಾನು ಯೋಚಿಸಿದ್ದೆ. ಗೆಳೆಯ ನನ್ನನ್ನು ಶೆಡ್ಡಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋದ. ಮಾರ್ಚ್ ತಿಂಗಳ ಬಿಸಿಲು. ಕೆಂಪು ರಾಶಿಗಳ ನಡುವೆ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಗಾಳಿ ತಿರುಗಿದಾಗಲೆಲ್ಲ ಎಲ್ಲರೂ ಒಟ್ಟಿಗೆ ಕೆಮ್ಮುತ್ತಿದ್ದರು. ಒಬ್ಬಳು ಗುತ್ತಲದ ಕಡೆಯಿಂದ ಬಂದವಳು, ಕೂಸನ್ನು ಚೀಲದ ನೆರಳಲ್ಲಿ ಮಲಗಿಸಿದ್ದಳು. ಅವನ ಅಕ್ಕ ಎದ್ದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವರೇನು ನಮಗ ಮನಿ ಕಟ್ಟಸವ್ರು?" ಎಂದು ತಮ್ಮನನ್ನು ಕೇಳಿದಳು.

"ಕಟ್ಟಸಂಗಿಲ್ರಿ ಅಕ್ಕಾರ, ಬರೇ ಕಾಗದದ ಮ್ಯಾಲ," ಎಂದೆ.

"ಕಾಗದದ ಮ್ಯಾಲ ಆದ್ರ ದೊಡ್ಡದ ಕಟ್ರಿ ಮತ್ತ!"

ಹೆಂಗಸರೆಲ್ಲ ನಕ್ಕರು. ಆಮೇಲೆ ನಾವು ಬಯಲಲ್ಲೇ ಕೂತು ಅವರಿಗೆ ಏನು ಬೇಕೆಂದು ಕೇಳಿದೆವು. ನೆರಳು ಬೇಕು, ಆದರೆ ನೆರಳಲ್ಲಿ ಕೂತರೆ ಘಾಟು ತುಂಬಿಕೊಂಡು ಉಸಿರು ಕಟ್ಟುತ್ತದೆ ಎಂದರು. ಅದಕ್ಕೇ ಬಿಸಿಲೇ ವಾಸಿ. ಅಷ್ಟೇ ಅವರ ಲೆಕ್ಕ. ಗೆಳೆಯನಿಗೆ ಪ್ರಾಜೆಕ್ಟ್ ಸಿಕ್ಕಿತು. ಮಾಡಿನ ತುದಿಯನ್ನು ಒಂದಿಷ್ಟು ಎತ್ತಿ ಸಂದು ಬಿಡುವುದು, ಕೆಳಗಿನ ಕಿಂಡಿಗಳನ್ನು ತೆರೆಯುವುದು. ಹೆಂಚು ಕಾದಷ್ಟೂ ಒಳಗಿನ ಗಾಳಿ ಮೇಲೇರಿ ಹೊರಗೆ ಹೋಗುತ್ತದೆ, ಘಾಟನ್ನೂ ಎಳೆದುಕೊಂಡು ಹೋಗುತ್ತದೆ. ನಕ್ಷೆ ಬರೆದೆವು, ರಟ್ಟಿನ ಮಾದರಿ ಮಾಡಿ ಊದುಬತ್ತಿ ಹಚ್ಚಿ ಹೊಗೆ ಬಿಟ್ಟು ನೋಡಿದೆವು. ಆದರೆ ಅವನಿಗೆ ಸಮಾಧಾನವಿಲ್ಲ.

"ಒಂದ ಅಂಕಣ ಖರೇನ ಮಾಡಿ ನೋಡೂಣು," ಎಂದ.

ಮಾಲೀಕರ ತಮ್ಮ ಬೇಡವೆನ್ನಲಿಲ್ಲ. ನಾವಿಬ್ಬರೂ ಊರಿನ ಬಡಿಗನೊಬ್ಬನೂ ಸೇರಿ, ಶೆಡ್ಡಿನ ಕೊನೆಯ ಎರಡು ತೊಲೆಗಳ ನಡುವಿನ ಅಂಕಣದಲ್ಲಿ ತುದಿಯ ಹೆಂಚು ಇಳಿಸಿ, ಕಟ್ಟಿಗೆಯ ತುಂಡು ಕೊಟ್ಟು ಮಾಡನ್ನು ಎತ್ತಿದೆವು. ಬುಡದ ಕಿಂಡಿಗಳ ಇಟ್ಟಿಗೆ ಕಿತ್ತೆವು. ಉಳಿದ ಶೆಡ್ಡಿನ ಕಡೆಗೆ ಗೋಣಿತಾಟು ಹೊಲಿದು ಕಟ್ಟಿದೆವು. ಗೋಣಿ ಹೊಲಿದವರು ಹೆಂಗಸರೇ.

ಮೊದಲ ದಿನ ಅಕ್ಕ ಒಬ್ಬಳೇ ಒಳಗೆ ಕೂತಳು. ಉಳಿದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳು ಒಂದು ಬುಟ್ಟಿ ಮುಗಿಸಿದಳು, ಇನ್ನೊಂದು ತರಿಸಿಕೊಂಡಳು. ಗೆಳೆಯ ಉಗುರು ಕಚ್ಚುತ್ತಿದ್ದ. ಕೊನೆಗೆ ಅವಳು ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ಕೆಲಸ ಮುಂದುವರಿಸಿದಳು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಬುಟ್ಟಿ ಎತ್ತಿಕೊಂಡು ಒಳಗೆ ಬಂದರು. ಗುತ್ತಲದವಳು ಕೂಸನ್ನು ಕಿಂಡಿಯ ಹತ್ತಿರ ಮಲಗಿಸಿದಳು. ಗೆಳೆಯ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡ. ಅಳುತ್ತಿದ್ದನೆಂದು ನನಗೆ ಗೊತ್ತಾಯಿತು. ನಾನು ಹತ್ತಿರ ಹೋಗಲಿಲ್ಲ.

ಕಾಲೇಜಿನ ಪರೀಕ್ಷೆಯಲ್ಲಿ ಇದು ಯಾರಿಗೂ ದೊಡ್ಡದೆನಿಸಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಗಳ ಮುಂದೆ ಅತ್ತಿತ್ತ ಓಡಾಡಿ, "ಇದರಲ್ಲಿ ಸೃಜನಶೀಲತೆ ಎಲ್ಲಿದೆ? ಇದ್ದ ಶೆಡ್ಡಿಗೆ ಒಂದು ತೂತು ಮಾಡಿದ್ದೀರಿ," ಎಂದರು. ಒಂದು ಹಳೆಯ ಟಾಕೀಸನ್ನು ಕಲಾ ಗ್ಯಾಲರಿಯಾಗಿ ಬದಲಿಸಿದ ಜೋಡಿಗೆ ಹೆಚ್ಚು ಅಂಕ ಬಂದವು. ಗೆಳೆಯ ಬೇಸರಪಟ್ಟುಕೊಳ್ಳಲಿಲ್ಲ. ಬ್ಯಾಡಗಿಯಲ್ಲಿ ಹೆಂಗಸರು ಇನ್ನೂ ಆ ಅಂಕಣದಲ್ಲೇ ಕೂರುತ್ತಿದ್ದರು, ಅದು ಅವನಿಗೆ ಸಾಕಾಗಿತ್ತು. ಜಾಗ ಸಾಲದೆ ಅವರೇ ಪಕ್ಕದ ಅಂಕಣದ ಕಿಂಡಿಗಳನ್ನೂ ಒಡೆದು ತೆರೆದಿದ್ದರು.

ಕೆಟ್ಟದ್ದು ಶುರುವಾದದ್ದೇ ಅಲ್ಲಿಂದ. ಮೇ ತಿಂಗಳ ಕೊನೆಗೆ ಮಾಲೀಕರು ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದರು. ನಾವಿಬ್ಬರೂ ಅಲ್ಲೇ ಇದ್ದೆವು. ಅವರು ಸಿಟ್ಟಿನ ಮನುಷ್ಯರಲ್ಲ, ಮಾತು ಮೆತ್ತಗೇ ಇತ್ತು. ತೆರೆದ ಕಿಂಡಿಗಳನ್ನು, ಗೋಣಿತಾಟನ್ನು, ಮೂಲೆಯಲ್ಲಿ ಹೆಂಗಸರು ಇಟ್ಟಿದ್ದ ನೀರಿನ ಕೊಡವನ್ನು ನೋಡಿದರು.

"ಎಷ್ಟ ದಿನದಿಂದ ಕುಂದ್ರಾಕತ್ತಾರ ಇವರು?" ಎಂದು ತಮ್ಮನನ್ನು ಕೇಳಿದರು.

"ಸೀಜನ್ ಮುಗಿದ್ರ ಹೋಗ್ತಾರ ಅಣ್ಣಾ."

"ಇವತ್ತ ಕೊಡ ಇಟ್ಟಾರ, ನಾಳೆ ಒಲಿ ಹೂಡ್ತಾರ. ನಾಡದ್ದ, ಜಾಗಾ ನಮ್ದು ಅಂತಾರ. ಕೋರ್ಟಿಗೆ ನೀ ಅಲಿತೀಯೇನು?"

ಗೆಳೆಯ ಮುಂದೆ ಹೋಗಿ, ನಕ್ಷೆ ಬಿಚ್ಚಿ ವಿವರಿಸಲು ನೋಡಿದ. ಬಾಡಿಗೆ ಕೊಡುವವರು ಸಿಗುತ್ತಾರೆ, ಕೆಲಸ ಕೊಡುವ ಮೆಣಸಿನಕಾಯಿ ವರ್ತಕರನ್ನೇ ಕೇಳಬಹುದು ಎಂದ. ಅವರು ಪೂರ್ತಿ ಕೇಳಿಸಿಕೊಂಡರು. "ಛಲೋ ಬರದೀಯಪಾ," ಎಂದು ಅವನ ಭುಜ ತಟ್ಟಿದರು. ವಾರದೊಳಗೆ ಬೇರೆ ಬೀಗ ಬಿತ್ತು.

ಅಕ್ಕ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಪುರಸಭೆಗೆ ಹೋದಳು. ಖಾಸಗಿ ಜಾಗ, ನಾವೇನೂ ಮಾಡುವಂತಿಲ್ಲ ಎಂದರು ಅಲ್ಲಿ. ವರ್ತಕರ ಹತ್ತಿರ ಹೋದಳು. ಕೆಲಸದವರು ಬಯಲಲ್ಲಿ ಕೂತರೆ ಕಣ್ಣೆದುರಿಗೆ ಇರುತ್ತಾರೆ, ಒಳಗೆ ಕೂತರೆ ಕಾಯುವವರು ಯಾರು ಎಂದರು ಅವರು. ಮಳೆ ಜೋರು ಹಿಡಿಯುವ ಮೊದಲೇ ಮಾಲೀಕರು ಜಿನ್ನಿನ ಹೆಂಚು ಇಳಿಸಿದರು. ತೊಲೆಗಳನ್ನು ಹಲಗೇರಿಯ ಯಾರೋ ಮನೆ ಕಟ್ಟಲು ಕೊಂಡೊಯ್ದರು. ನಾನು ಹೋಗುವ ಹೊತ್ತಿಗೆ ಗೋಡೆಗಳೂ ಇರಲಿಲ್ಲ, ಮಳೆನೀರು ನಿಂತ ಪಾಯ ಮಾತ್ರ ಇತ್ತು.

ಅಂಕಣ ಕೆಲಸ ಮಾಡದೆ ಹೋಗಿದ್ದರೆ ಹೆಂಗಸರು ಎದ್ದು ಹೋಗುತ್ತಿದ್ದರು, ಶೆಡ್ಡು ಇನ್ನೂ ಕೆಲವು ವರ್ಷ ಹಾಳುಬಿದ್ದೇ ನಿಂತಿರುತ್ತಿತ್ತು. ಇದನ್ನು ನಾನು ಗೆಳೆಯನಿಗೆ ಹೇಳಲಿಲ್ಲ. ಅವನಿಗೂ ಹೊಳೆದಿತ್ತು. ಕೊನೆಯ ವರ್ಷ ಅವನು ಒಂದು ಸಾಧಾರಣ ಆಸ್ಪತ್ರೆಯ ನಕ್ಷೆ ಬರೆದು ಪಾಸಾದ.

ಓದು ಮುಗಿದ ಮೇಲೆ ಅವನು ರಾಣೆಬೆನ್ನೂರಿನಲ್ಲಿ ನಕ್ಷೆಯ ಆಫೀಸು ತೆರೆದ. ನಾನು ಕೆಲವು ವರ್ಷ ಬೇರೆ ಊರುಗಳಲ್ಲಿದ್ದು ಹಾವೇರಿಗೆ ಮರಳಿದೆ. ಊರು ಜಿಲ್ಲೆಯಾಗುತ್ತದೆಂಬ ಮಾತು ಜೋರಾಗಿತ್ತು, ಎಲ್ಲರೂ ಕಟ್ಟಿಸುವ ಅವಸರದಲ್ಲಿದ್ದರು. ಒಮ್ಮೆ ಕೆಲಸದ ಮೇಲೆ ಬ್ಯಾಡಗಿಗೆ ಹೋದಾಗ ಜಿನ್ನಿನ ಜಾಗದಲ್ಲಿ ಎರಡಂತಸ್ತಿನ ಅಂಗಡಿ ಸಂಕೀರ್ಣ ಏಳುತ್ತಿತ್ತು. ಸಾಲುಸಾಲು ಶಟರುಗಳು, ಒಂದಕ್ಕೊಂದು ಅಂಟಿಕೊಂಡ ಮಳಿಗೆಗಳು, ಹಿಂದೆ ಕಿಟಕಿಯಿಲ್ಲ. ನಕ್ಷೆ ಯಾರದೆಂದು ಮೇಸ್ತ್ರಿಯನ್ನು ಕೇಳಿದೆ. ಅವನು ಗೆಳೆಯನ ಆಫೀಸಿನ ಹೆಸರು ಹೇಳಿದ.

ನನಗೆ ಎಷ್ಟು ಸಿಟ್ಟು ಬಂದಿತೆಂದರೆ ನೇರ ಊರೊಳಗಿನ ಅವನ ಮನೆಗೆ ಹೋದೆ. ಅವನಿರಲಿಲ್ಲ. ಅಕ್ಕ ಬಾಗಿಲು ತೆಗೆದಳು. ಅಷ್ಟರಲ್ಲಿ ಬಹಳ ಇಳಿದುಹೋಗಿದ್ದಳು, ನಾಲ್ಕು ಮಾತಿಗೊಮ್ಮೆ ಎದೆ ಹಿಡಿದುಕೊಳ್ಳುತ್ತಿದ್ದಳು.

"ಅಲ್ರಿ ಅಕ್ಕಾರ, ಅದ ಜಾಗಾದಾಗ, ಅದ ಮಾಲಕಗ, ಹೆಂಗ ಬರದಾನ್ರಿ ಅವ?"

"ಕುಂದ್ರಿ ಮೊದಲ," ಎಂದಳು. ಚಹ ಇಟ್ಟು ಬಂದಳು. "ಅವ ಒಲ್ಲೆ ಅಂದಿದ್ದ. ನಾನ ಬರಿ ಅಂದೇನಿ."

"ನೀವು?"

"ಇವ ಬರೀಲಿಲ್ಲಂದ್ರ ಹುಬ್ಬಳ್ಳ್ಯಾವ ಬರೀತಾನ. ಕಟ್ಟೂದು ನಿಲ್ಲತೈತೇನು? ಊರಾಗ ಕಟ್ಟಸವ್ರು ಇಂಥಾವ್ರ, ಕೆಲಸಾ ಕೊಡೂದ ಇಂಥಾವ್ರ. ಒಂದ ಸಲ ಒಲ್ಲೆ ಅಂದ್ರ ಆಮ್ಯಾಲ ಯಾರು ಕರೀತಾರಿ ಇವನ್ನ?" ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. "ಹಿಂದಿನ ಗ್ವಾಡಿಗೆ ಕಿಂಡಿ ಇಡ್ತೀನಿ ಅಂತ ಬರದಿದ್ದ ನೋಡ್ರಿ. ಇಲಿ ಬರ್ತಾವ ಅಂತ ಮಾಲಕರು ತಗಸ್ಯಾರ."

ಸಿಟ್ಟು ಮಾಡಲಿಕ್ಕೂ ಒಬ್ಬ ಮನುಷ್ಯ ಬೇಕಲ್ಲ. ನಾನು ಚಹ ಕುಡಿದು ಎದ್ದೆ. ಎರಡು ವರ್ಷ ದಾಟುವ ಮೊದಲೇ ಅಕ್ಕ ತೀರಿಕೊಂಡಳು. ಡಾಕ್ಟರು ಶ್ವಾಸಕೋಶದ ರೋಗ ಎಂದರಂತೆ. ಮಣ್ಣಾದ ಮೇಲೆ ಸುದ್ದಿ ನನಗೆ ಮುಟ್ಟಿತು.

ಗೆಳೆಯ ಈಗಲೂ ಹಾವೇರಿಗೆ ನಕ್ಷೆಗಳ ಮಂಜೂರಾತಿಗೆ ಬಂದಾಗ ನನ್ನ ಆಫೀಸಿಗೆ ಬರುತ್ತಾನೆ. ರಾಣೆಬೆನ್ನೂರಿನಲ್ಲಿ ಅವನ ಹೆಸರು ಚೆನ್ನಾಗಿದೆ. ಹೋದ ಸಲ ಗುತ್ತಲದ ಒಂದು ಮನೆಯ ನಕ್ಷೆ ತಂದು, ಮೆಟ್ಟಿಲು ಕೂರುತ್ತಿಲ್ಲ, ನೋಡು ಎಂದ. ಇಬ್ಬರೂ ಮೇಜಿನ ಮೇಲೆ ಬಗ್ಗಿ ಮೆಟ್ಟಿಲನ್ನು ಅಡುಗೆಮನೆಯ ಗೋಡೆಗೆ ಸರಿಸಿದೆವು. ಪೆನ್ಸಿಲ್ ಹಿಡಿದದ್ದು ನಾನು. ಅವನು ಸ್ಕೇಲು ಹಿಡಿದುಕೊಂಡು, ಹೇಗಾದರೂ ಆಗಲಿ ಬೇಗ ಮುಗಿಯಲಿ ಎನ್ನುವವನಂತೆ ಹೊರಗಿನ ರಸ್ತೆ ನೋಡುತ್ತಿದ್ದ.